ಬೊಗಸೆಗೆ ಬಿದ್ದ ಎಣ್ಣೆ

ದ್ಯಾಮಣ್ಣ ಮೊದಲ ಸಲ ಮನೆ ಬಿಟ್ಟದ್ದು ನಾಗರಪಂಚಮಿಯ ದಿನ. ಓರಗೆಯ ಹುಡುಗರು ಜೋಕಾಲಿಗೆ ಸರದಿ ಕಾಯುತ್ತಿದ್ದರೆ ಇವನು ಜೋಕಾಲಿಯಿಂದ ಜಿಗಿದು, ಅದು ತೂಗುವುದು ನಿಲ್ಲುವ ಮೊದಲೇ ಊರಬಾಗಿಲ ಅಗಸಿ ದಾಟಿದ್ದ. ಸಾಲಿ ಕಲಿಯುವುದೂ ಅಲ್ಲಿಗೇ ಮುಗಿಯಿತು. ಆಮೇಲೆ ಕಬ್ಬು ಕಡಿಯುವುದು, ಲಾರಿಯ ಕ್ಲೀನರಿಕೆ, ನಾಟಕ ಕಂಪನಿಯ ಪರದೆ ಎಳೆಯುವುದು. ಎಲ್ಲಿಯೂ ಬಹಳ ದಿನ ನಿಂತವನಲ್ಲ. ಕಾಲೇ ಅವನ ಆಸ್ತಿ.

ಅಂಥವನು ಮಲಪ್ರಭೆಯ ದಂಡೆಯಲ್ಲಿದ್ದ ಶ್ರೀ ಅಡವಯ್ಯಜ್ಜನವರ ಸನ್ನಿಧಿಗೆ ಬಂದಾಗ ಬೆನ್ನು ಬಿಲ್ಲಿನಂತೆ ಬಾಗಿತ್ತು. ಮಠವೆಂದರೆ ಮಣ್ಣಿನ ಮಾಳಿಗೆಯ ಸಣ್ಣ ಮನೆ, ಅಂಗಳದಲ್ಲೊಂದು ಬೇವಿನ ಮರ, ಒಲೆಯ ಬದಿಗೆ ಸದಾ ಬೆಚ್ಚಗಿರುತ್ತಿದ್ದ ಕುಸುಬಿ ಎಣ್ಣೆಯ ಬೋಗುಣಿ. ಆಪರೇಷನ್ ಮಾಡಿಸಿಕೊಂಡು ಬಂದವರನ್ನು ಪೂಜ್ಯ ಅಡವಯ್ಯಜ್ಜನವರು ಚಾಪೆಯ ಮೇಲೆ ಮಲಗಿಸಿ, ಸ್ವಹಸ್ತದಿಂದ ಅವರ ಅಂಗೈ ಅಂಗಾಲು ತಿಕ್ಕುತ್ತಿದ್ದರು. ಅವರಿಗೆ ಬೇರೆ ಪೂಜೆಯೇ ಇರಲಿಲ್ಲವೆನ್ನುತ್ತಾರೆ.

ಲಾರಿಗೆ ಮೂಟೆ ಏರಿಸುವಾಗ ದ್ಯಾಮಣ್ಣನ ಕರುಳು ಇಳಿದು ಆಪರೇಷನ್ ಆಗಿತ್ತು. ಗಾಯ ಮಾಯ್ದಿದೆ, ಇನ್ನು ನಡೆದಾಡು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನ ಜೀವ ಒಪ್ಪಬೇಕಲ್ಲ? ಕೆಮ್ಮಿದರೆ ಹೊಲಿಗೆ ಬಿಚ್ಚೀತು, ಹೆಜ್ಜೆ ಇಟ್ಟರೆ ಕರುಳು ಜಾರೀತು. ಎಡಗೈ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದದ್ದು ಹಿಡಿದ ಹಾಗೇ, ಉಣ್ಣುವಾಗಲೂ, ನಿದ್ದೆಯಲ್ಲೂ. ದಾರಿ ಕಂಡರೆ ಹಿಗ್ಗುತ್ತಿದ್ದ ಮನುಷ್ಯ ಈಗ ದಾರಿ ಕಂಡರೆ ಬೆವರುತ್ತಿದ್ದ.

ಪೂಜ್ಯರು ಪಾದ ಮುಟ್ಟಿದೊಡನೆ ಅವನು ಕಾಲು ಎಳೆದುಕೊಂಡ.

"ಯಜ್ಜಾ, ನಿಮ್ಮ ಕಾಲು ನಾ ಹಿಡೀಬೇಕ್ರಿ. ನೀವು ನನ್ನ ಕಾಲು ಹಿಡಿದ್ರ ನಾ ಯಾವ ನರಕಕ್ಕ ಹೋಗಲಿ?"

ಅಡಿಗೆಯ ನಿಂಬೆವ್ವ ರೊಟ್ಟಿ ಬಡಿಯುತ್ತಲೇ ಅಂದಳು: "ನಿನ್ನಂಥಾವ್ರು ಬಾಳ ಮಂದಿ ಹೋಗ್ಯಾರ ತಮ್ಮಾ, ಜಾಗಾ ಇಲ್ಲಂತ ತಿರುಗಿ ಬಂದಾರ. ಸುಮ್ಮ ಮಲಕೋ."

ಪೂಜ್ಯರು ನಕ್ಕು, ಆ ಪಾದವನ್ನು ಮತ್ತೆ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅವರ ಹೆಬ್ಬೆರಳು ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ನಿಧಾನವಾಗಿ ಹರಿಯಿತು. ದ್ಯಾಮಣ್ಣನಿಗೆ ಇದರ ತಲೆಬುಡ ತಿಳಿಯಲಿಲ್ಲ.

"ನೋವು ಹೊಟ್ಯಾಗ ಐತ್ರಿ, ಯಜ್ಜಾ. ನೀವು ಕಾಲಾಗ ಹುಡುಕಾಕ್ಹತ್ತೀರಿ."

"ಗಾಯಾನ ಡಾಕ್ಟರು ನೋಡ್ಯಾರ," ಎಂದರು ಪೂಜ್ಯರು. "ನಿನ್ನ ಅಂಜಿಕಿ ನೋಡಾವ್ರು ಯಾರು?"

ಅಂದು ಮಧ್ಯಾಹ್ನ ಅವನು ಗೊರಕೆ ಹೊಡೆದು ಮಲಗಿದ. ಎದ್ದಾಗ ಮೈ ಹಗುರ, ನೋವು ದೂರದ ಮಾತಿನಂತೆ. ಆದರೆ ಎಡಗೈ ಕಿಬ್ಬೊಟ್ಟೆಯ ಮೇಲೇ ಇತ್ತು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. ತಿಕ್ಕುವಾಗ ಭಯ ಎದ್ದು ಹೊರಗೆ ಹೋಗುವುದು, ಸಂಜೆಗೆ ತಿರುಗಿ ಬರುವುದು. ಇದು ಔಷಧವೋ, ಅಜ್ಜನವರ ಮಹಿಮೆಯೋ, ಬರೀ ಎಣ್ಣೆಯೋ? ಕೇಳಿದರೆ ಪೂಜ್ಯರು ಬೇವಿನ ಮರದ ಕಡೆ ನೋಡುತ್ತಿದ್ದರು.

ಆ ಮಠಕ್ಕೊಂದು ಪದ್ಧತಿ ಇತ್ತು. ಸೇವೆ ಪಡೆದವರು ಮುಂದೆ ಬಂದವರ ಕಾಲು ಹಿಡಿಯಬೇಕು. ಎಣ್ಣೆಯನ್ನು ತೀರ್ಥಕ್ಕಿಂತ ಮೇಲೆಂದು ಭಾವಿಸಿ ಬೊಗಸೆಯೊಡ್ಡಬೇಕು. ಒಂಟಿ ಕೈಗೆ ಪೂಜ್ಯರು ಹನಿಯನ್ನೂ ಹಾಕುತ್ತಿರಲಿಲ್ಲ.

ಒಂದು ಮುಂಜಾನೆ ಗಾಡಿಯ ಗಾಲಿ ಕಟ್ಟುವ ಮೀರಾಸಾಬ ಬಂದ. ಪಿತ್ತಕೋಶದ ಹರಳು ತೆಗೆಸಿಕೊಂಡವನು, ಮುಖ ಬೂದಿಯಾಗಿತ್ತು. ಪೂಜ್ಯರು ಬೋಗುಣಿ ಎತ್ತಿಕೊಂಡು ದ್ಯಾಮಣ್ಣನ ಮುಂದೆ ನಿಂತರು. ಅವನು ಬಲಗೈ ಚಾಚಿದ. ಎಣ್ಣೆ ಬೀಳಲಿಲ್ಲ.

"ಇನ್ನೊಂದು ಕೈ?"

"ಅದು ಹೊಟ್ಟಿ ಹಿಡದೈತ್ರಿ."

ಪೂಜ್ಯರು ಬೋಗುಣಿಯನ್ನು ಕೆಳಗಿಡಲಿಲ್ಲ. ಚಾಪೆಯ ಮೇಲಿಂದ ಮೀರಾಸಾಬ ನರಳಿದ: "ಕೆಮ್ಮು ಬರಾಕ್ಹತ್ತೈತ್ರೆಪಾ. ಕೆಮ್ಮಿದ್ರ ಹೊಲಿಗಿ ಬಿಚ್ಚತೈತೇನೋ."

ತನ್ನ ಮನಸ್ಸಿನ ಮಾತೇ ಬೇರೆಯವರ ಬಾಯಿಂದ ಕೇಳಿ ದ್ಯಾಮಣ್ಣ ಬೆಚ್ಚಿದ.

"ಇಲ್ಲ ಚಾಚಾ, ಬಿಚ್ಚೂದಿಲ್ಲ. ನಂದು ಬಿಚ್ಚಿಲ್ಲಲ್ಲ," ಎನ್ನುತ್ತ ಚಾಪೆಯತ್ತ ಬಾಗಿದ. ಬೊಗಸೆಗೆ ಎಣ್ಣೆ ಬಿತ್ತು. ಅವನು ಆ ಒರಟು ಅಂಗಾಲುಗಳನ್ನು, ಅಜ್ಜನವರು ತನಗೆ ಮಾಡಿದ ಹಾಗೆಯೇ, ಹಿಮ್ಮಡಿಯಿಂದ ತಿಕ್ಕತೊಡಗಿದ. ಮೀರಾಸಾಬನ ಉಸಿರು ತುಸು ಉದ್ದವಾಯಿತು.

"ತಮ್ಮಾ, ನಿನ್ನ ಎಡಗೈ ಎಲ್ಲೈತಿ?" ಎಂದಳು ನಿಂಬೆವ್ವ.

ನೋಡಿಕೊಂಡ. ಅದು ಮೀರಾಸಾಬನ ಹಿಮ್ಮಡಿಯ ಕೆಳಗೆ ಎಣ್ಣೆಯಲ್ಲಿ ತೊಯ್ದಿತ್ತು. ಈಗ ನೋವು ಬರುತ್ತದೆಂದು ಕಾದ. ಬಂತು, ಸ್ವಲ್ಪ. ಬಂದು, ತಾನಾಗಿ ಹೋಯಿತು. ಕೈ ಬಿಟ್ಟದ್ದು ಯಾವಾಗ, ಬಿಡಿಸಿದ್ದು ಯಾರು, ಅವನಿಗೆ ಹೊಳೆಯಲಿಲ್ಲ.

"ಯಜ್ಜಾ, ಏನು ಮಾಡಿದ್ರಿ?"

"ನಾ ಎಣ್ಣಿ ಕೊಟ್ಟೆ."

ಮೀರಾಸಾಬ ಎದ್ದು ಓಡಾಡುವ ಹೊತ್ತಿಗೆ ದ್ಯಾಮಣ್ಣನ ಅಂಗಾಲು ಮತ್ತೆ ತುರಿಸತೊಡಗಿತು. ಹೋಗಬೇಕೋ, ಈ ಪಾದ ಬಿಡದೆ ಇರಬೇಕೋ? ಕಣ್ಣು ತುಂಬಿ ಪೂಜ್ಯರ ಮುಂದೆ ಕುಳಿತ. ಅವರು ಅವನ ತಲೆಯ ಮೇಲೆ ಕೈಯಿಟ್ಟು, "ನಾ ಕಾಲು ತಿಕ್ಕಿದ್ದು ನಡೀಲಿ ಅಂತ," ಎಂದರು.

ಧೋತರ, ನಾಲ್ಕು ರೊಟ್ಟಿ, ಎಣ್ಣೆಯ ಶೀಶೆ. ದ್ಯಾಮಣ್ಣ ಅರಿವೆ ಹಾಸಿ ಒಂದೊಂದಾಗಿ ಇಟ್ಟ.

"ಯಾವೂರಿಗೆ?" ಎಂದಳು ನಿಂಬೆವ್ವ.

"ಗೊತ್ತಿಲ್ಲ ಯವ್ವಾ. ದವಾಖಾನಿ ಇದ್ದ ಊರು ಯಾವುದಾದ್ರೂ ಆದೀತು."

ಅರಿವೆಯ ತುದಿಗಳನ್ನು ಎರಡೂ ಕೈಯಿಂದ ಎಳೆದು, ಗಂಟು ಬಿಗಿದ.