ಬೇರಿಲ್ಲದ ಮೂವರು

"ನನ್ನ ಮೂರು ಒಗಟು ಬಿಡಿಸಿದವನಿಗೆ ಮಗಳನ್ನು ಕೊಡುತ್ತೇನೆ, ಅವಳನ್ನು ಅವನು ಒಲ್ಲೆನೆಂದರೆ ಕೇಳಿದ್ದನ್ನು ಕೊಡುತ್ತೇನೆ. ತಪ್ಪಿದವನು ಮುಳುಗುಬಂಡೆಗೆ. ಅವನನ್ನು ಹಡಗಿನಿಂದ ದಡಕ್ಕೆ ದಾಟಿಸಿದ ಅಂಬಿಗನೂ ಅವನ ಜೊತೆಗೆ."

ಶಂಖದ್ವೀಪದ ದೊರೆ ಉಗ್ರವರ್ಮ ಹೀಗೆ ಡಂಗುರ ಹೊಡೆಸಿದ. ಮಗಳನ್ನು ಕೊಡುವ ಮನಸ್ಸು ಅವನಿಗಿರಲಿಲ್ಲ. ಸೋತವರ ಹಡಗುಗಳ ಮೇಲೆ ಕಣ್ಣಿತ್ತು. ಅಂಬಿಗರು ದೋಣಿ ಬಿಡಲಾರೆವೆಂದರೆ ಚಾಟಿಯೇಟು ಬೀಳುತ್ತಿತ್ತು.

ಮುಳುಗುಬಂಡೆ ಅರಮನೆಯ ಎದುರಿಗೇ ಇತ್ತು. ಇಳಿತದಲ್ಲಿ ಕಾಣುತ್ತಿತ್ತು, ಭರತ ಬಂದರೆ ನೀರಿನಡಿ ಹೋಗುತ್ತಿತ್ತು. ಸೋತವರ ಕಾಲಿಗೆ ಕಲ್ಲು ಕಟ್ಟಿ ಅದರ ಮೇಲೆ ಬಿಡುತ್ತಿದ್ದರು. ಉಳಿದದ್ದನ್ನು ಕಡಲು ನೋಡಿಕೊಳ್ಳುತ್ತಿತ್ತು.

ಆ ದಿನ ಇಬ್ಬರು ರಾಜಕುಮಾರರು ಬಂದರು. ಇಬ್ಬರನ್ನೂ ದಾಟಿಸಿದವನು ಬೀರ ಎಂಬ ಅಂಬಿಗ.

ದೊರೆ ಮೊದಲನೆಯವನಿಗೆ ಹೇಳಿದ: "ಒಬ್ಬಳಿದ್ದಾಳೆ. ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಆದರೂ ಬಿಸಿಲುಂಡು ತನ್ನ ಅನ್ನ ತಾನೇ ಮಾಡಿಕೊಳ್ಳುತ್ತಾಳೆ. ಕೆರೆಯಲ್ಲೂ ಇರುತ್ತಾಳೆ, ಕಡಲಲ್ಲೂ ಇರುತ್ತಾಳೆ. ಹೊಲದ ಹುಲ್ಲೂ ಕಾಡಿನ ಮರವೂ ಅವಳ ವಂಶವೇ. ಯಾರವಳು?"

"ಆಕಾಶಬಳ್ಳಿ," ಎಂದ ರಾಜಕುಮಾರ.

"ಅದು ಕಂಡವರ ಮರದ ರಸ ಕದಿಯುವ ಬಳ್ಳಿ. ನಿನ್ನ ಹಾಗೆ," ಎಂದ ದೊರೆ. ಭಟರು ರಾಜಕುಮಾರನನ್ನೂ ಬೀರನನ್ನೂ ಎಳೆದೊಯ್ದರು.

ಎರಡನೆಯವನು ಚುರುಕು. "ಹಸಿರು ಪಾಚಿ," ಎಂದ. ಸರಿಯಿತ್ತು. ದೊರೆ ಎರಡನೆಯ ಒಗಟು ಹೇಳಿದ:

"ಎರಡನೆಯವಳು ಕಡಲು ಬಿಟ್ಟು ಬೇರೆಡೆ ಬದುಕುವುದು ಅಪರೂಪ. ಬೇರಿಲ್ಲದೆಯೂ ಬಂಡೆಯನ್ನು ಕಚ್ಚಿ ಹಿಡಿಯುತ್ತಾಳೆ. ಮೇಲೆ ತೇಲಿ ಬಿಸಿಲು ಕಾಯಲು ಮೈಮೇಲೆ ಗಾಳಿಯ ಗುಳ್ಳೆ ಕಟ್ಟಿಕೊಂಡಿದ್ದಾಳೆ. ತಣ್ಣನೆಯ ಕಡಲುಗಳಲ್ಲಿ ತಾಳೆಮರವನ್ನೂ ಮೀರಿ ಬೆಳೆಯುತ್ತಾಳೆ."

"ಬಂಡೆಗಂಟಿದ ಚಿಪ್ಪು."

"ತಾಳೆಮರದಷ್ಟು ಚಿಪ್ಪನ್ನು ಎಲ್ಲಿ ಕಂಡೆ? ಕರೆದೊಯ್ಯಿರಿ. ಇವನ ಅಂಬಿಗ ಆಗಲೇ ಅಲ್ಲಿ ಕಾಯುತ್ತಿದ್ದಾನೆ."

ಸಭೆ ನಕ್ಕಿತು. ನಗು ನಿಲ್ಲುವ ಮೊದಲೇ, ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಯುವಕನೊಬ್ಬ ಒದ್ದೆ ಬುಟ್ಟಿ ಹಿಡಿದು ಒಳಗೆ ಬಂದ. ಬೀರನ ತಮ್ಮ ಜಟ್ಟು.

"ನೀನೂ ಮದುಮಗನೋ? ಮೀನಿನ ವಾಸನೆ ನಿನಗಿಂತ ಮೊದಲೇ ಬಂತು," ಎಂದ ದೊರೆ.

"ಒಗಟು ಹೇಳಿ, ಒಡೆಯಾ. ಬಂಡೆಯ ಮೇಲೆ ನನ್ನ ಅಣ್ಣನಿದ್ದಾನೆ, ನೀರು ಏರುತ್ತಿದೆ."

"ಎರಡು ಕೇಳಿಸಿಕೊಂಡೆಯಲ್ಲ. ಮೂರನೆಯವಳು ಬೆಳಕು ಸೋಲುವ ಆಳದಲ್ಲೂ ಬದುಕುತ್ತಾಳೆ. ಅಲ್ಲಿಗಿಳಿಯುವ ಚೂರು ನೀಲಿ ಬೆಳಕನ್ನು ಹಿಡಿಯಬಲ್ಲ ಸೀರೆ ಉಟ್ಟಿದ್ದಾಳೆ. ಅವಳನ್ನು ಬೇಯಿಸಿ ಸೋಸಿದ ನೀರು ಆರಿದರೆ ಗಟ್ಟಿಯಾಗುತ್ತದೆ. ಮೂವರ ಹೆಸರನ್ನೂ ಹೇಳು. ಮೂವರಲ್ಲೂ ಇರುವ ಒಂದೇ ಗುಟ್ಟನ್ನು ತೋರಿಸು. ಬರೀ ಹೇಳಿದರೆ ಸಾಲದು."

ಆ ಕೊನೆಯ ಮಾತನ್ನು ದೊರೆ ಆಗಷ್ಟೇ ಸೇರಿಸಿದ್ದ.

"ಮೊದಲನೆಯವಳು ಹಸಿರು ಪಾಚಿ. ಎರಡನೆಯವಳು ಕಂದು ಪಾಚಿ. ಮೂರನೆಯವಳು ಕೆಂಪು ಪಾಚಿ. ಗುಟ್ಟು ತೋರಿಸಲು ಒಂದು ಚಟ್ಟಿ ಕುದಿಯುವ ಗಂಜಿ ಬೇಕು."

"ಸಾಯುವ ಮುಂಚೆ ಊಟವೋ?"

"ಮೀನು ಸಿಗದ ದಿನ ಗಂಜಿಗೆ ನಾವು ಹಾಕಿಕೊಳ್ಳುವುದು ಇದನ್ನೇ, ಒಡೆಯಾ. ತರಿಸಿ."

ಗಂಜಿ ಬಂತು. ಜಟ್ಟು ಅಂದು ಅಡುಗೆಗೆಂದು ಆಯ್ದಿದ್ದ ಮೂರು ಬಗೆಯ ಪಾಚಿಯನ್ನು ಬುಟ್ಟಿಯಿಂದ ತೆಗೆದು ಅದರೊಳಗೆ ಅದ್ದಿದ. ಹಸಿರು ಹಸಿರಾಗಿಯೇ ಉಳಿಯಿತು. ಕಂದು ಎಸಳು ನೋಡುತ್ತಿದ್ದಂತೆ ಹಸಿರಾಯಿತು. ಕೆಂಪು ಎಳೆಗಳು ಮಾತ್ರ ಹಾಗೇ ಇದ್ದವು.

"ಬಂಡೆಗೆ," ಎಂದ ದೊರೆ.

ಭಟ ಜಟ್ಟುವಿನ ತೋಳು ಹಿಡಿದ. ಅಷ್ಟರಲ್ಲಿ ಕೆಂಪು ಮಾಸಿತು. ಎಳೆಗಳ ತುದಿ ಹಸಿರಾಯಿತು, ಆಮೇಲೆ ಬುಡವೂ.

"ಮೂವರಲ್ಲೂ ಬಿಸಿಲುಣ್ಣುವ ಹಸಿರು ಇದೆ," ಎಂದ ಜಟ್ಟು. "ಕಂದು, ಕೆಂಪು ಅದರ ಮೇಲೆ ಉಟ್ಟ ಬಣ್ಣ. ಆಯಾ ಆಳಕ್ಕೆ ಇಳಿಯುವ ಬೆಳಕನ್ನು ಹಿಡಿಯಲು ಅದು ಬೇಕು. ಬಿಸಿ ತಾಗಿದರೆ ಆ ಬಣ್ಣ ಕೆಡುತ್ತದೆ, ಹಸಿರು ಕಾಣುತ್ತದೆ."

ಇಡೀ ಸಭೆ ಚಟ್ಟಿಯೊಳಗೆ ನೋಡಿತ್ತು. ಅಲ್ಲವೆನ್ನಲು ದೊರೆಗೆ ದಾರಿಯಿರಲಿಲ್ಲ.

"ಮಗಳನ್ನು ಕೇಳುತ್ತೀಯಾ?"

"ಬೇಡ."

"ಅಣ್ಣನನ್ನೋ? ಹೋಗಿ ಹುಡುಕಿಕೋ. ನಾಳೆ ಇನ್ನೊಬ್ಬ ಅಂಬಿಗ ಸಿಗುತ್ತಾನೆ."

"ಅದಕ್ಕೇ ಬಂಡೆಯನ್ನೇ ಕೊಡಿ. ಅದರ ಮೇಲಿರುವುದೆಲ್ಲ ಸೇರಿ. ಇಂದಿನಿಂದ ಅದು ಅಂಬಿಗರದ್ದು. ನೀವು ಯಾರನ್ನೂ ಅಲ್ಲಿ ಬಿಡುವಂತಿಲ್ಲ."

ಡಂಗುರ ಹೊಡೆದವನು ಅಲ್ಲೇ ನಿಂತಿದ್ದ. ದೊರೆ ಅವನ ಮುಖ ನೋಡಿದ, ಸಭೆಯ ಮುಖ ನೋಡಿದ. "ತೊಲಗು," ಎಂದ. "ಬಂಡೆ ನಿನ್ನದು."

ಜಟ್ಟು ದೋಣಿಗೆ ಹುಟ್ಟು ಹಾಕಿ ತಲುಪಿದಾಗ ಬಂಡೆ ಮುಳುಗಿತ್ತು. ಮೊದಲನೆಯ ರಾಜಕುಮಾರ ಅಲೆಗೆ ಕೊಚ್ಚಿ ಹೋಗಿದ್ದ. ಎರಡನೆಯವನು ಬೀರನ ಕೊರಳಿಗೆ ಜೋತುಬಿದ್ದಿದ್ದ. ಬೀರನ ಮುಖವಷ್ಟೇ ನೀರಿನ ಮೇಲಿತ್ತು. ಎರಡೂ ಕೈಯಲ್ಲಿ ಕಂದು ಪಾಚಿಯ ಕಂತೆಗಳನ್ನು ಸುತ್ತಿ ಹಿಡಿದಿದ್ದ. ಬೇರಿಲ್ಲದ ಪಾಚಿ ಬಂಡೆಯನ್ನು ಬಿಟ್ಟಿರಲಿಲ್ಲ.

"ಅಣ್ಣಾ, ಕೈ ಬಿಡು. ಬಂಡೆ ಈಗ ನಮ್ಮದು."

ಬೀರ ಬಾಯಿಯ ಉಪ್ಪುನೀರು ಉಗಿದ. "ಮೊದಲು ಕಾಲಿನ ಕಲ್ಲು ಬಿಚ್ಚೋ," ಎಂದ.