ನಿಧಾನಕ್ಕೆ ಇಳಿದ ಗಿಂಡಿ

ಮೋಡಗಳು ನೀರು ಕುಡಿಯಲು ಇಳಿದುಬರುವ ಕೆರೆಯ ದಡದಲ್ಲೊಂದು ರಾಜ್ಯ. ಅಲ್ಲಿ ಡಂಗುರ ಸಾರಿದರು: "ರಾಜಕುಮಾರಿ ಇಂದುಲೇಖೆಯ ಮೂರು ಒಗಟು ಬಿಡಿಸಿದವನು ಅವಳ ಕೈ ಹಿಡಿಯಬಹುದು. ತಪ್ಪಿದವನ ತಲೆ ಉಳಿಯದು."

ಕತೆಯಿದ್ದದ್ದು ಆ ಕೈಯಲ್ಲೇ. ಬಲೆ ಹೆಣೆದ ದಾಂಡು ಹಿಡಿದು ದಿನವಿಡೀ ಚೆಂಡಾಡುತ್ತಿದ್ದವಳಿಗೆ ಈಗ ಲೋಟ ಎತ್ತಿದರೂ ಬಲ ಮೊಣಕೈಯ ಹೊರಬದಿ ಚುಳ್ ಎನ್ನುತ್ತಿತ್ತು. ಅಲ್ಲಿಯ ಮದುವೆಯಲ್ಲಿ ಹುಡುಗಿ ತುಂಬಿದ ಗಿಂಡಿಯನ್ನು ಬಲಗೈಯೊಂದರಲ್ಲೇ ಎತ್ತಿ ವರನ ಅಂಗೈಗೆ ನೀರೆರೆಯಬೇಕು. ಗಿಂಡಿ ಜಾರಿದರೆ ಮದುವೆಯಿಲ್ಲ.

"ಅಳುವುದು ಒಂದು ಮನೆ, ಜಗಳ ನಡೆಯುವುದು ಇನ್ನೊಂದರಲ್ಲಿ. ಯಾವ ಮನೆಗಳು?" ಎಂದು ರಾಜಕುಮಾರಿ ಮೊದಲ ಒಗಟು ಹಾಕಿದಳು.

"ತವರುಮನೆ, ಅತ್ತೆಮನೆ," ಎಂದ ಮೊದಲ ರಾಜಕುಮಾರ. ಅವನನ್ನು ಕರೆದೊಯ್ದರು. ಇನ್ನೊಬ್ಬ, "ಅಳುವುದು ಮೋಡ, ಜಗಳ ಗುಡುಗಿನದು," ಎಂದ. ಚೆನ್ನಾಗಿತ್ತು, ಆದರೂ ತಪ್ಪು.

ಆಮೇಲೆ ಬಂದವನು ನೂಲಿಗೆ ಬಣ್ಣ ಹಾಕುವವರ ಮನೆಯ ಕೆಂಚ. ಉಗುರೆಲ್ಲ ನೀಲಿ.

"ತಲೆ ಭಾರವಾಯಿತೇನಪ್ಪಾ?" ಎಂದ ರಾಜ.

"ಇಲ್ಲ ಪ್ರಭು. ಅಮ್ಮಣ್ಣಿ ಮೊಣಕೈ ಒತ್ತಿಕೊಳ್ಳುವುದು ಕಂಡೆ. ಒದ್ದೆ ನೂಲು ಹಿಂಡಿ ಹಿಂಡಿ ನಮ್ಮವ್ವನಿಗೂ ಇದೇ ನೋವಿತ್ತು. ಅಳುವುದು ಮೊಣಕೈ, ಜಗಳ ಮಣಿಕಟ್ಟಿನದು. ಮಣಿಕಟ್ಟು ಎತ್ತುವ ಸ್ನಾಯುಗಳ ಬೇರು ಮೊಣಕೈ ಮೂಳೆಗೆ ಅಂಟಿದೆ. ಮುಷ್ಟಿ ಬಿಗಿದಾಗಲೆಲ್ಲ ಅಲ್ಲಿ ಜಗ್ಗುತ್ತದೆ."

"ಆಕಾಶ ನೋಡುತ್ತಾ ಲೋಟ ಎತ್ತುತ್ತಾಳೆ, ನೆಲ ನೋಡಿದರೆ ಬೀಳಿಸುತ್ತಾಳೆ. ಯಾರು ಅವಳು?" ಎಂದು ರಾಜಕುಮಾರಿ ಎರಡನೆಯದನ್ನು ಕೇಳಿದಳು.

"ಅಂಗೈ, ಅಮ್ಮಣ್ಣಿ. ಮೇಲ್ಮುಖ ಮಾಡಿ ಹಿಡಿದರೆ ಭಾರವನ್ನು ಬೇರೆ ಸ್ನಾಯುಗಳು ಹೊರುತ್ತವೆ."

ರಾಜಕುಮಾರಿಯ ದನಿ ತಗ್ಗಿತು. "ಕಟ್ಟಿಹಾಕಿದರೆ ಸೊರಗುತ್ತದೆ, ಓಡಿಸಿದರೆ ಕುಂಟುತ್ತದೆ. ಅದನ್ನೇನು ಮಾಡಲಿ? ಇದರ ಉತ್ತರ ನನಗೂ ಗೊತ್ತಿಲ್ಲ."

"ನಡೆಸಬೇಕು," ಎಂದ ಕೆಂಚ. "ಮುಂಗೈಯನ್ನು ಮಣೆಯ ಮೇಲಿಡಿ, ಹಸ್ತ ಕೆಳಮುಖವಾಗಿ ಅಂಚಿನಾಚೆ ಇರಲಿ. ಎಡಗೈಯಿಂದ ಬಲ ಮಣಿಕಟ್ಟನ್ನು ಎತ್ತಿಕೊಳ್ಳಿ. ಇಳಿಯುವಾಗ ಅದು ತಾನೇ ಇಳಿಯಲಿ, ನಿಧಾನಕ್ಕೆ. ಮೊದಲು ಬರಿಗೈ, ಆಮೇಲೆ ಸಣ್ಣ ಕಲ್ಲು ಹಿಡಿದು. ಮರುದಿನ ನೋವು ಹೆಚ್ಚಾದರೆ ಇನ್ನೂ ಸಣ್ಣ ಕಲ್ಲು. ಸದ್ಯಕ್ಕೆ ಚೆಂಡಾಟ ಬೇಡ. ಬೇಗ ವಾಸಿಯಾಗಲ್ಲ."

"ನಾನು ಹೇಗೆ ನಂಬಲಿ?" ಎಂದ ರಾಜ. "ಮಾವು ಹಣ್ಣಾಗುವವರೆಗೆ ಇಲ್ಲೇ ಇರು. ಗಿಂಡಿ ಜಾರಿದರೆ ನಿನ್ನ ತಲೆ ನಮ್ಮದು."

ಮಾವು ಹೂಬಿಟ್ಟಿತು, ಹೀಚಾಯಿತು. ಮೋಡಗಳು ಕೆರೆಗೆ ಬಂದುಹೋದವು. ಕಿಟಕಿಯ ಬಳಿ ರಾಜಕುಮಾರಿಯ ಕೈಯಲ್ಲಿ ಕಲ್ಲು ಇಳಿಯುತ್ತಲೇ ಇತ್ತು.

"ನಿಮ್ಮವ್ವ ಬೇಸರವಿಲ್ಲದೆ ಮಾಡಿದರಾ?"

"ಎಲ್ಲಿ, ನನ್ನನ್ನು ಬೈದುಕೊಂಡೇ ಮಾಡಿದಳು."

"ಹಾಗಾದರೆ ನಾನೂ ಬೈಯಬಹುದು," ಎಂದು ಅವಳು ನಕ್ಕಳು.

ಹಣ್ಣಿನ ಪರಿಮಳ ಅರಮನೆಯೊಳಗೆಲ್ಲ ತುಂಬಿದ ದಿನ ಇಂದುಲೇಖೆ ಅಂಗಳದಲ್ಲಿ ಗಿಂಡಿಯ ತಳಕ್ಕೆ ಬಲ ಅಂಗೈ ಕೊಟ್ಟು ಎತ್ತಿದಳು. ಕೆಂಚನ ನೀಲಿ ಬೆರಳುಗಳ ಮೇಲೆ ನೀರು ಹರಿಯಿತು. ರಾಜ ಉಸಿರು ಬಿಟ್ಟು ಗಿಂಡಿ ತೆಗೆದುಕೊಳ್ಳಲು ಕೈಚಾಚಿದ.

"ಇರಿ ಅಪ್ಪಾಜಿ, ಇನ್ನೂ ಮುಗಿದಿಲ್ಲ," ಎಂದಳು. ಅದನ್ನು ತಾನೇ ಕೆಳಗಿಳಿಸಿದಳು, ಎಷ್ಟು ನಿಧಾನವಾಗಿ ಅಂದರೆ, ಒಳಗುಳಿದ ನೀರಿನಲ್ಲಿ ಮೋಡದ ಬಿಂಬ ಕದಲಲಿಲ್ಲ.