ಬೂರುಗದ ಮೊದಲ ಹೂವು

ಸಸ್ಯೋದ್ಯಾನದಲ್ಲಿ ಎಲೆಯೆಲ್ಲ ಉದುರಿಸಿ ನಿಂತಿದ್ದ ಎಳೆಯ ಬೂರುಗದ ಮರಕ್ಕೆ ಆ ಬೆಳಿಗ್ಗೆ ಮೈಯೆಲ್ಲ ಪುಳಕ. ನೆಟ್ಟು ಹತ್ತು ವರ್ಷವಾದ ಮೇಲೆ ಮೊದಲ ಮೊಗ್ಗು ಬಿರಿಯುವುದರಲ್ಲಿತ್ತು. ಸಂದಿನಲ್ಲಿ ಕೆಂಪು ಇಣುಕುತ್ತಿತ್ತು.

ಬುಡದಲ್ಲಿದ್ದ ತಗಡಿನ ಫಲಕ ಗಡಗಡ ನಡುಗಿತು. ಅದರ ಮೇಲೆ 'ಬಿಳಿ ಬೂರುಗ' ಎಂದಿತ್ತು. ಮರ ಸಸಿಯಾಗಿದ್ದಾಗ ಯಾರೋ ಎಲೆ ನೋಡಿ ಅಂದಾಜಿಗೆ ಬರೆದದ್ದು.

"ಅರಳಬೇಡ ಮಾರಾಯ! ಹತ್ತು ವರ್ಷದಿಂದ ಬಂದವರೆಲ್ಲ ನನ್ನನ್ನೇ ನಂಬಿದ್ದಾರೆ. ನನ್ನ ಮಾನ ಹರಾಜಾಗುತ್ತದೆ. ಅರಳಲೇಬೇಕೆಂದರೆ ಬೆಳ್ಳಗೆ ಅರಳು!" ಎಂದಿತು ಫಲಕ.

"ಓದುಬರಹ ನಾನರಿಯೆ, ಫಲಕರಾಯರೇ. ನನಗೆ ಬರುವುದು ಅರಳುವುದೊಂದೇ!" ಎಂದು ಮರ ಹೇಳುತ್ತಿದ್ದಂತೆಯೇ ಮೊಗ್ಗು ಫಟ್ಟನೆ ಬಿರಿಯಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಮೈನಾಗಳು ಕೂಗುತ್ತ ಬಂದು ಮುತ್ತಿದವು.

ವರ್ಷಕ್ಕೊಮ್ಮೆ ಶಿವರಾತ್ರಿ ಹೊತ್ತಿಗೆ ವಿದ್ಯಾರ್ಥಿಗಳನ್ನು ಕರೆತರುವ ಸಸ್ಯಶಾಸ್ತ್ರದ ವಸುಮತಿ ಮೇಡಂ ಅಂದೇ ಬಂದರು. ಕತ್ತೆತ್ತಿ ನೋಡಿದವರೇ ಚಪ್ಪಾಳೆ ತಟ್ಟಿ, "ನೋಡ್ರೋ, ಇದು ಕೆಂಪು ಬೂರುಗ! ಎಲೆ ನೋಡಿ ಮೋಸಹೋಗಬಹುದು, ಹೂ ನೋಡಿದ ಮೇಲೆ ಎರಡು ಮಾತಿಲ್ಲ!" ಎಂದರು.

ಮಾಲಿ ಫಲಕವನ್ನು ಕಿತ್ತ. ಇನ್ನು ತನಗೆ ಗುಜರಿಯೇ ಗತಿ ಎಂದುಕೊಂಡಿತು ಅದು. ಆದರೆ ಮಾಲಿ ಅದನ್ನು ತಿರುಗಿಸಿ, ಹಿಂಬದಿಯಲ್ಲಿ 'ಕೆಂಪು ಬೂರುಗ' ಎಂದು ಬರೆದು ಅಲ್ಲೇ ನೆಟ್ಟ.

ಬಣ್ಣ ಒಣಗುವ ಮೊದಲೇ ಫಲಕ ಎದೆ ಸೆಟೆಸಿ ಮೈನಾಗಳಿಗೆ ಹೇಳಿತು: "ನಾನು ಮೊದಲಿಂದಲೂ ಇದನ್ನೇ ಹೇಳುತ್ತಿರಲಿಲ್ಲವೇ?"

ಮರಕ್ಕೆ ಅದನ್ನು ಕೇಳಲು ಪುರುಸೊತ್ತಿರಲಿಲ್ಲ. ಇನ್ನೂ ನೂರು ಮೊಗ್ಗು ಅರಳಬೇಕಿತ್ತು.